ಟಿ.ವಿ. ಆಟದ ಹಳೆಯ ಕ್ಯಾಸೆಟ್ಟುಗಳು: ಗುಜರಿಗೋ, ಗ್ರಂಥಾಲಯಕ್ಕೋ?

ಮಳೆಗಾಲಕ್ಕೆ ಮುಂಚೆ ಅಟ್ಟವನ್ನು ಬರಿದುಮಾಡಿ ಗುಡಿಸಿ, ಬೇಡದ್ದನ್ನು ಹೊರಗೆ ಹಾಕುವುದು ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಗೃಹಸ್ಥರಲ್ಲಿ ನಡೆದುಬಂದ ವಾಡಿಕೆ. ಗುಜರಿ ವ್ಯಾಪಾರಿಗಳೂ ಆ ಹೊತ್ತನ್ನು ಅರಿತೇ ಮನೆಬಾಗಿಲಿಗೆ ಬರುತ್ತಾರೆ. ತೂತುಬಿದ್ದ ಕೊಡಪಾನ, ಸುಟ್ಟುಹೋದ ಪಂಪಿನ ಮೋಟಾರು, ಹಳೆಯ ಪತ್ರಿಕೆಗಳ ಕಟ್ಟು, ಇವುಗಳ ಸಂಗಡ ಈಗೀಗ ಇನ್ನೊಂದು ವಸ್ತುವೂ ತಕ್ಕಡಿಯನ್ನು ಏರುತ್ತಿದೆ. ಅದು ಸುಮಾರು 30 ವರ್ಷಗಳ ಹಿಂದೆ ಈ ಮನೆಗಳ ಮಕ್ಕಳು ಟಿ.ವಿ.ಗೆ ಜೋಡಿಸಿ ಆಡುತ್ತಿದ್ದ ವಿಡಿಯೋ ಗೇಮಿನ ಪೆಟ್ಟಿಗೆ. ಅದರ ಜತೆಗೆ ಹಳದಿ, ಕಪ್ಪು, ಬೂದು ಬಣ್ಣದ ಪ್ಲಾಸ್ಟಿಕ್ಕಿನ ಹತ್ತೆಂಟು ಬಿಲ್ಲೆಗಳು. ತಯಾರಕರು ಅವಕ್ಕೆ ಕಾರ್ಟ್ರಿಜ್ ಎಂದು ಹೆಸರಿಟ್ಟಿದ್ದರು. ನಮ್ಮ ಮಕ್ಕಳು ಕ್ಯಾಸೆಟ್ಟು ಎಂದೇ ಕರೆದರು. ನಾವೂ ಹಾಗೆಯೇ ಕರೆಯುತ್ತೇವೆ.

ಇದೂ ಒಂದು ಲೇಖನಕ್ಕೆ ವಸ್ತುವೇ ಎಂದು ನಮ್ಮ ವಾಚಕರಲ್ಲಿ ಕೆಲವರು ಹುಬ್ಬು ಗಂಟಿಕ್ಕಬಹುದು. ತಾಲೂಕಿನಲ್ಲಿ ಅಡಕೆಯ ರೋಗವಿದೆ, ರಸ್ತೆಯ ಹೊಂಡವಿದೆ, ಶಾಲೆಗಳಲ್ಲಿ ಶಿಕ್ಷಕರ ಕೊರತೆಯಿದೆ. ಇವುಗಳ ನಡುವೆ ಹುಡುಗರ ಆಟಿಕೆಯ ಮಾತೇಕೆ? ಆಕ್ಷೇಪಣೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಒಂದು ತಲೆಮಾರಿನ ಗೃಹಜೀವನಕ್ಕೆ ಸಾಕ್ಷಿಯಾದ ವಸ್ತುವು ಯಾರ ಗಮನಕ್ಕೂ ಬಾರದೆ ಅಳಿದುಹೋಗುತ್ತಿರುವಾಗ ಸುಮ್ಮನಿರುವುದು ಪತ್ರಿಕಾಧರ್ಮವಲ್ಲ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಗೆ ಇದಕ್ಕಿಂತ ಹತ್ತಿರದ ಉದಾಹರಣೆ ನಮಗೆ ತೋರುವುದಿಲ್ಲ.

ವಸ್ತುವಿನ ಪೂರ್ವೋತ್ತರ

ಮನೆಯ ಟಿ.ವಿ.ಗೆ ಜೋಡಿಸಿ ಆಡುವ ಯಂತ್ರವು ಮೊದಲು ಮಾರಾಟಕ್ಕೆ ಬಂದುದು 1972ರಲ್ಲಿ, ಅಮೆರಿಕದಲ್ಲಿ. ರಾಲ್ಫ್ ಬೇರ್ ಎಂಬ ಇಂಜಿನಿಯರರ ಕಲ್ಪನೆಯಿಂದ ಹುಟ್ಟಿದ ಆ ಯಂತ್ರಕ್ಕೆ ಒಡಿಸ್ಸಿ ಎಂದು ಹೆಸರು. ಆದರೆ ಆಟವನ್ನು ಯಂತ್ರದಿಂದ ಬೇರ್ಪಡಿಸಿ, ಅದನ್ನು ಒಂದು ಚಿಪ್ಪಿನೊಳಗೆ ಬರೆದು, ಬೇಕಾದಾಗ ಸಿಕ್ಕಿಸಿ ಬೇಡವಾದಾಗ ತೆಗೆಯುವಂತೆ ಮಾಡಿದುದು 1976ರ ಮಾತು. ಫೇರ್‌ಚೈಲ್ಡ್ ಕಂಪೆನಿಯಲ್ಲಿ ಜೆರಿ ಲಾಸನ್ ಎಂಬ ಕರಿಯ ಜನಾಂಗದ ಇಂಜಿನಿಯರರ ನೇತೃತ್ವದಲ್ಲಿ ಈ ಯಂತ್ರವು ಸಿದ್ಧವಾಯಿತು. ಗ್ರಾಮಫೋನಿಗೆ ತಟ್ಟೆ ಹೇಗೋ ಈ ಪೆಟ್ಟಿಗೆಗೆ ಕ್ಯಾಸೆಟ್ಟು ಹಾಗೆ. ಯಂತ್ರ ಒಂದೇ, ಆಟ ಅನೇಕ. ಮರುವರ್ಷ ಬಂದ ಅಟಾರಿ ಯಂತ್ರವು ಈ ಕ್ರಮವನ್ನು ಮನೆಮನೆಗೆ ಮುಟ್ಟಿಸಿತು.

1983ರಲ್ಲಿ ಅಮೆರಿಕದ ಈ ವ್ಯಾಪಾರವು ಕುಸಿದುಬಿತ್ತು. ಮಾರಾಟವಾಗದೆ ಉಳಿದ ಅಟಾರಿ ಕ್ಯಾಸೆಟ್ಟುಗಳನ್ನು ಲಾರಿಗಳಲ್ಲಿ ತುಂಬಿ ನ್ಯೂ ಮೆಕ್ಸಿಕೋ ಪ್ರಾಂತದ ಆಲಮಗಾರ್ಡೋ ಊರಿನ ಕಸದ ಗುಂಡಿಯಲ್ಲಿ ಹೂಳಲಾಯಿತು. ಮೂವತ್ತೊಂದು ವರ್ಷಗಳ ತರುವಾಯ, 2014ರ ಏಪ್ರಿಲಿನಲ್ಲಿ, ಅದೇ ಗುಂಡಿಯನ್ನು ಅಗೆದು ಅವನ್ನು ಹೊರತೆಗೆದರು. ಹಾಗೆ ತೆಗೆದ ಕ್ಯಾಸೆಟ್ಟುಗಳಲ್ಲಿ ಒಂದು ಇಂದು ಅಮೆರಿಕದ ರಾಷ್ಟ್ರೀಯ ಸಂಗ್ರಹವಾದ ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿದೆ. ಕಸವೆಂದು ಹೂತದ್ದನ್ನು ಅಗೆದು ತಂದು ಗಾಜಿನ ಪೆಟ್ಟಿಗೆಯಲ್ಲಿಡುವ ಕಷ್ಟವನ್ನು ಬೇರೆಯವರು ಪಟ್ಟಾಯಿತು. ಅದನ್ನು ನೋಡಿಯೂ ನಾವು ಹೂಳುವ ಕೆಲಸದಿಂದಲೇ ಆರಂಭಿಸಬೇಕೇ?

ಆ ಕುಸಿತದ ವರ್ಷವೇ, 1983ರ ಜುಲೈ 15ರಂದು, ಜಪಾನಿನ ನಿಂಟೆಂಡೋ ಕಂಪೆನಿಯು ಫ್ಯಾಮಿಕಾಮ್ ಎಂಬ ಯಂತ್ರವನ್ನು 14,800 ಯೆನ್ ಬೆಲೆಗೆ ಮಾರಾಟಕ್ಕೆ ಬಿಟ್ಟಿತು. 1889ರಲ್ಲಿ ಕ್ಯೋಟೋ ನಗರದಲ್ಲಿ ಹೂವಿನ ಚಿತ್ರದ ಇಸ್ಪೀಟು ಎಲೆಗಳನ್ನು ತಯಾರಿಸುವ ಅಂಗಡಿಯಾಗಿ ಹುಟ್ಟಿದ ಕಂಪೆನಿ ಅದು. ಮಸಾಯುಕಿ ಉಯೆಮುರಾ ಎಂಬ ಇಂಜಿನಿಯರರು ರೂಪಿಸಿದ ಈ ಯಂತ್ರದ ಸಂತತಿಯೇ ನಮ್ಮ ಊರಿನ ಅಟ್ಟಗಳಲ್ಲಿ ಇಂದು ಧೂಳು ತಿನ್ನುತ್ತಿರುವುದು.

ನಮ್ಮಲ್ಲಿಗೆ ಬಂದ ಬಗೆ

ಜಪಾನಿನ ನಿಜವಾದ ಯಂತ್ರವು ನಮ್ಮ ಮಧ್ಯಮವರ್ಗದ ಮನೆಗಳಿಗೆ ಬಂದುದು ಅಪರೂಪ. ಕಾರಣ ಸುಂಕ. 1995ರಲ್ಲಿ ಸೇಗಾ ಕಂಪೆನಿಯು ತನ್ನ ಮೆಗಾ ಡ್ರೈವ್ ಯಂತ್ರವನ್ನು ಶಾ ವಾಲೇಸ್ ಸಂಸ್ಥೆಯ ಮೂಲಕ ಭಾರತದಲ್ಲಿ ಮಾರತೊಡಗಿದುದು ಶೇಕಡಾ 80ರ ಆಮದು ಸುಂಕದಿಂದ ಪಾರಾಗುವ ಉಪಾಯವಾಗಿ. ಹಾಗಿದ್ದೂ ಅದರ ಬೆಲೆ 18,000 ರೂಪಾಯಿ. ಅಂದಿನ ದಿನಗಳಲ್ಲಿ ಒಬ್ಬ ಗುಮಾಸ್ತನ ಎಷ್ಟು ತಿಂಗಳ ಸಂಬಳ ಅದಕ್ಕೆ ಸಲ್ಲಬೇಕಾಗುತ್ತಿತ್ತೆಂಬುದನ್ನು ವಾಚಕರೇ ಲೆಕ್ಕ ಹಾಕಿಕೊಳ್ಳಬಹುದು.

ಬಾಗಿಲಿನಿಂದ ಬಾರದ್ದು ಕಿಟಕಿಯಿಂದ ಬಂತು. ಫ್ಯಾಮಿಕಾಮ್ ಯಂತ್ರದ ಒಳಗನ್ನು ತೈವಾನಿನ ತಯಾರಕರು ಯಥಾವತ್ತಾಗಿ ಅನುಕರಿಸಿ, ಅಗ್ಗದ ಪೆಟ್ಟಿಗೆಗಳನ್ನು ಪ್ರಪಂಚಕ್ಕೆಲ್ಲ ಹಂಚಿದರು. ರಷ್ಯದಲ್ಲಿ 1992ರಿಂದ ಅದು ಡೆಂಡಿ ಎಂಬ ಹೆಸರಿನಲ್ಲಿ ಮನೆಮಾತಾಯಿತು. ಪೋಲೆಂಡಿನಲ್ಲಿ ಪೆಗಾಸಸ್ ಎನಿಸಿಕೊಂಡಿತು. ನಮ್ಮ ದೇಶದಲ್ಲಿ ಸಮುರಾಯ್, ಮೀಡಿಯಾ, ಲಿಟಲ್ ಮಾಸ್ಟರ್, ಟರ್ಮಿನೇಟರ್ ಎಂಬ ಹೆಸರುಗಳನ್ನು ಧರಿಸಿತು. ಹೊರಗಿನ ಕವಚ ಬೇರೆ ಬೇರೆ, ಒಳಗಿನ ಜೀವ ಒಂದೇ.

ನಮ್ಮ ಜಿಲ್ಲೆಗೆ ಅದು ಬಂದ ದಾರಿಗಳಲ್ಲಿ ಮುಖ್ಯವಾದುದು ಕೊಲ್ಲಿ ರಾಷ್ಟ್ರಗಳ ದಾರಿ. ದುಬಾಯಿ, ಅಬುಧಾಬಿ, ಕುವೈತ್, ಸೌದಿಗಳಲ್ಲಿ ದುಡಿಯುತ್ತಿದ್ದವರು ರಜೆಯಲ್ಲಿ ಊರಿಗೆ ಬರುವಾಗ ಪೆಟ್ಟಿಗೆಯಲ್ಲಿ ಬಟ್ಟೆ, ಸುಗಂಧ, ಟೇಪ್‌ರೆಕಾರ್ಡರು ಇವುಗಳ ನಡುವೆ ಮಕ್ಕಳಿಗಾಗಿ ಈ ಯಂತ್ರವನ್ನೂ ಇಟ್ಟು ತಂದರು. ಮಂಗಳೂರಿನಿಂದ ದುಬಾಯಿಗೆ ನೇರ ವಿಮಾನವು ಹಾರತೊಡಗಿದುದು 2006ರಲ್ಲಿ; ಅದಕ್ಕೆ ಹಿಂದೆ ಮುಂಬಯಿಯಲ್ಲಿ ಇಳಿದು, ಅಲ್ಲಿಂದ ಬಸ್ಸಿನಲ್ಲಿ ಹಗಲಿರುಳು ಸಾಗಿ ಊರು ಸೇರಬೇಕಾಗಿತ್ತು. ಅಷ್ಟು ದೂರ ಹೊತ್ತು ತಂದ ಪೆಟ್ಟಿಗೆಯನ್ನು ಆಟಿಕೆಯೆಂದು ಮಾತ್ರ ಹೇಳಲಾದೀತೇ? ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಮುಖ ಕಾಣುವ ತಂದೆಯು ಮಕ್ಕಳ ಕೈಯಲ್ಲಿ ಇಟ್ಟುಹೋದ ಗುರುತು ಅದು. ಕೊಲ್ಲಿಯ ದುಡಿಮೆಯಿಂದ ಈ ಸೀಮೆಯ ಮನೆಗಳು ಹೇಗೆ ಬದಲಾದುವೆಂದು ಮುಂದೆ ಯಾರಾದರೂ ಚರಿತ್ರೆ ಬರೆಯಹೊರಟರೆ, ಕಡತದಲ್ಲಿ ಸಿಕ್ಕದ ಸಾಕ್ಷ್ಯವು ಇಂಥ ಪೆಟ್ಟಿಗೆಗಳಲ್ಲಿ ಸಿಕ್ಕೀತು.

ಆ ಕ್ಯಾಸೆಟ್ಟುಗಳ ಮೇಲೆ 99,99,999 ಆಟಗಳು ಒಂದರಲ್ಲೇ ಎಂದು ಅಚ್ಚಾಗಿರುತ್ತಿದ್ದುದನ್ನು ಇಂದು 40 ದಾಟಿದವರು ಮರೆತಿರಲಾರರು. ಪಟ್ಟಿಯನ್ನು ಕೆಳಗಿಳಿಸುತ್ತ ಹೋದರೆ ಅವೇ ಕೆಲವು ಆಟಗಳು ಬೇರೆ ಬೇರೆ ಹೆಸರು ತೊಟ್ಟು ಮತ್ತೆ ಮತ್ತೆ ಎದುರಾಗುತ್ತಿದ್ದುವು. ವ್ಯಾಪಾರದ ಜಾಹೀರಾತನ್ನು ಎಷ್ಟರಮಟ್ಟಿಗೆ ನಂಬಬೇಕೆಂಬ ಪಾಠವನ್ನು ನಮ್ಮ ಬಾಲಕರು ಬಹುಶಃ ಅಲ್ಲಿಯೇ ಮೊದಲು ಕಲಿತರು.

ಚಾವಡಿಯ ಆಟ

ಯಂತ್ರವನ್ನು ಟಿ.ವಿ.ಯ ಆಂಟೆನಾ ತೂತಿಗೆ ಸಿಕ್ಕಿಸಿ, ಚಾನೆಲಿನ ಗುಂಡಿಯನ್ನು ತಿರುಹುತ್ತ ತಿರುಹುತ್ತ ಚಿತ್ರವನ್ನು ಹುಡುಕಬೇಕಾಗಿತ್ತು. ಆಂಟೆನಾದ ತಂತಿಯನ್ನು ಕಳಚಿದ ಹೊತ್ತಿಗೆ ವಾರ್ತೆಯೂ ಇಲ್ಲ, ಚಿತ್ರಮಂಜರಿಯೂ ಇಲ್ಲ. ಆದುದರಿಂದ ಆಟಕ್ಕೆ ಹಿರಿಯರ ಅನುಮತಿ ಬೇಕು, ಹೊತ್ತಿನ ಮಿತಿಯೂ ತಾನಾಗಿ ಬೀಳುತ್ತಿತ್ತು. ಏಪ್ರಿಲ್ ಮೇ ತಿಂಗಳ ಸಂಜೆ ಘಟ್ಟದ ಕಡೆ ಗುಡುಗು ಕೇಳಿಸಿದರೆ ತಂತಿಗಳನ್ನೆಲ್ಲ ಕಿತ್ತಿಡುವುದು ಈ ಸೀಮೆಯಲ್ಲಿ ಕಟ್ಟಾಜ್ಞೆ, ಸಿಡಿಲಿಗೆ ಟಿ.ವಿ. ಸುಟ್ಟುಹೋದ ಮನೆಗಳು ಊರಿಗೆ ನಾಲ್ಕಾರಾದರೂ ಇದ್ದೇ ಇರುತ್ತವೆ.

ಯಂತ್ರಕ್ಕೆ ಕೈಹಿಡಿಗಳು ಎರಡು. ಒಬ್ಬನು ಆಡುವಾಗ ಹತ್ತು ಮಂದಿ ನೋಡಬಹುದು. ಇಬ್ಬರು ಕೂಡಿ ಆಡಬಹುದು. ಕಾಂಟ್ರಾ ಎಂಬ ಆಟದಲ್ಲಿ ಇಬ್ಬರು ಸಿಪಾಯಿಗಳು ಒಬ್ಬರನ್ನೊಬ್ಬರು ಕಾಯ್ದುಕೊಂಡೇ ಮುಂದುವರಿಯಬೇಕು. ಒಬ್ಬನು ಮುನ್ನುಗ್ಗಿದರೆ ಇನ್ನೊಬ್ಬನು ಸಿಕ್ಕಿಬೀಳುವನು. ಮನೆಯಲ್ಲಿ ಹವ್ಯಕ, ತುಳು, ಅರೆಭಾಷೆ, ಬ್ಯಾರಿ, ಮಲೆಯಾಳ, ಕೊಂಕಣಿ ಮಾತನಾಡುವ ನೆರೆಹೊರೆಯ ಹುಡುಗರು ಒಂದೇ ಚಾಪೆಯ ಮೇಲೆ ಕುಳಿತು ಆಡಿದರು. ಆಟದಲ್ಲಿ ಕನ್ನಡದ ಒಂದು ಅಕ್ಷರವೂ ಇರಲಿಲ್ಲವೆಂಬುದು ನಿಜ. ಆದರೆ ಚಾಪೆಯ ಮೇಲೆ ನಡೆದ ಜಗಳವೂ ರಾಜಿಯೂ ನಮ್ಮ ನುಡಿಗಳಲ್ಲಿಯೇ ನಡೆದುವು.

ಚೆನ್ನೆಮಣೆಗೂ ಕ್ಯಾಸೆಟ್ಟಿಗೂ ಇರುವ ಅಂತರ

ಇಲ್ಲಿ ನಮ್ಮ ಸೀಮೆಯ ಹಳೆಯ ಮನೆಯಾಟವಾದ ಚೆನ್ನೆಮಣೆಯ ನೆನಪಾಗುವುದು ಸಹಜ. ಎರಡು ಸಾಲಿನಲ್ಲಿ ಏಳೇಳು ಗುಳಿ, ಗುಳಿಗೆ ನಾಲ್ಕರಂತೆ 56 ಮಂಜೊಟ್ಟಿ ಕಾಳು. ಆಟಿಯ ಜಡಿಮಳೆಯಲ್ಲಿ ಹೊರಗೆ ಕಾಲಿಡಲಾಗದ ಹೊತ್ತು ಅದನ್ನು ಕೆಳಗಿಳಿಸಿ ಆಡುತ್ತಿದ್ದರು. ಸಿರಿಯ ಪಾಡ್ದನದಲ್ಲಿ ಅಬ್ಬಗ, ದಾರಗ ಎಂಬ ಅವಳಿ ಸಹೋದರಿಯರು ಚೆನ್ನೆಯಾಡುತ್ತ ಜಗಳಕ್ಕೆ ಬಿದ್ದು, ಆ ಮಣೆಯ ಏಟಿನಿಂದಲೇ ದುರಂತವು ಸಂಭವಿಸಿದ ಕಥೆಯನ್ನು ತುಳುನಾಡಿನವರೆಲ್ಲ ಬಲ್ಲರು. ಆಟಿಕೆಯೊಂದು ಪಾಡ್ದನಕ್ಕೆ ವಸ್ತುವಾಗಬಲ್ಲುದಾದರೆ, ಆಟಿಕೆಯ ವಿಷಯ ಗಂಭೀರರಿಗೆ ಸಲ್ಲದೆಂದು ಹೇಳುವುದು ಹೇಗೆ?

ಆದರೆ ಎರಡಕ್ಕೂ ಒಂದು ದೊಡ್ಡ ಅಂತರವುಂಟು. ನಮ್ಮ ವಾದದ ತಿರುಳು ಅಲ್ಲಿದೆ. ಚೆನ್ನೆಯ ಮಣೆಯನ್ನು ಗೆದ್ದಲು ತಿಂದರೆ ಹಲಸಿನ ಹಲಗೆಯಲ್ಲಿ ಆಚಾರಿಯು ಇನ್ನೊಂದನ್ನು ಕೆತ್ತಿಕೊಡುವನು. ಮಣೆಯೇ ಇಲ್ಲದಿದ್ದರೆ ನೆಲದಲ್ಲಿ ಗುಳಿ ತೋಡಿದರೂ ಸರಿ. ಆಟವು ಮರದಲ್ಲಿ ಇರುವುದಲ್ಲ, ಅಜ್ಜಿಯ ನೆನಪಿನಲ್ಲಿ ಇರುವುದು. ಕ್ಯಾಸೆಟ್ಟಿನ ಆಟವು ಹಾಗಲ್ಲ. ಅದು ಬೆರಳುಗುರಿನಷ್ಟು ಅಗಲದ ಚಿಪ್ಪಿನೊಳಗೆ ಬರೆದ ಲಿಪಿ. 1985ರಲ್ಲಿ ಬಂದ ಸೂಪರ್ ಮಾರಿಯೋ ಬ್ರದರ್ಸ್ ಎಂಬ ಪ್ರಖ್ಯಾತ ಆಟದ ಸಮಸ್ತವೂ 40 ಕಿಲೋಬೈಟುಗಳಲ್ಲಿ ಅಡಗಿತ್ತು. ಇಂದಿನ ಫೋನು ತೆಗೆಯುವ ಒಂದೇ ಒಂದು ಛಾಯಾಚಿತ್ರವು ಅದರ ಎಷ್ಟೋ ಪಾಲು ದೊಡ್ಡದು. ಆ ಲಿಪಿ ಅಳಿದರೆ ಅದನ್ನು ಯಾವ ಅಜ್ಜಿಯೂ ಬಾಯಿಪಾಠ ಒಪ್ಪಿಸಲಾರಳು. ಪ್ರತಿ ಉಳಿದರೆ ಆಟ ಉಳಿಯಿತು. ಪ್ರತಿ ಹೋದರೆ ಆಟವೇ ಹೋಯಿತು.

ಜಗದ್ವಿಖ್ಯಾತವಾದ ಆಟಗಳಿಗೆ ಈ ಭಯವಿಲ್ಲ. ಅವುಗಳ ಪ್ರತಿಗಳು ಸಾವಿರಾರು ಕಡೆ ಇವೆ. ಭಯವಿರುವುದು ನಮ್ಮ ಕಡೆಯ ಅನಾಮಧೇಯ ಕ್ಯಾಸೆಟ್ಟುಗಳಿಗೆ. ಅವುಗಳಲ್ಲಿ ಮೂಲದ ಆಟವನ್ನು ತಿದ್ದಿ, ನಿರ್ಮಾಪಕನ ಹೆಸರು ಅಳಿಸಿ, ಬೇರೆ ವೇಷ ತೊಡಿಸಿದ್ದುಂಟು. ಯಾರು ತಿದ್ದಿದರು, ಎಲ್ಲಿ ತಯಾರಾಯಿತು ಎಂಬುದಕ್ಕೆ ಕಂಪೆನಿಯ ದಾಖಲೆಯಿಲ್ಲ, ಅಂಗಡಿಯ ರಸೀತಿಯಿಲ್ಲ. ಆ ವಸ್ತುವೇ ಅದರ ಏಕಮಾತ್ರ ದಾಖಲೆ. ಅಮೆರಿಕದಲ್ಲಿ 2010ಕ್ಕೆ ಮುಂಚೆ ಪ್ರಕಟವಾದ ಆಟಗಳಲ್ಲಿ ಶೇಕಡಾ 87 ಇಂದು ಮಾರುಕಟ್ಟೆಯಲ್ಲಿ ದೊರೆಯುವುದಿಲ್ಲವೆಂದು ಅಲ್ಲಿನ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿತು. ಎಲ್ಲಕ್ಕೂ ಪಟ್ಟಿಯಿಡುವ ದೇಶದ ಸ್ಥಿತಿಯೇ ಇದಾದರೆ, ಪಟ್ಟಿಯೇ ಇಲ್ಲದ ನಮ್ಮ ಪಾಡೇನು?

ಮಳೆಯೆಂಬ ಶತ್ರು

ನಮ್ಮ ಹವೆಯು ಅಡಕೆಗೂ ತೆಂಗಿಗೂ ಎಷ್ಟು ಹಿತವೋ ವಿದ್ಯುದ್ಯಂತ್ರಗಳಿಗೆ ಅಷ್ಟೇ ವೈರಿ. ನಾಲ್ಕು ತಿಂಗಳು ಎಡೆಬಿಡದ ಮಳೆ, ಗೋಡೆ ಬೆವರುವ ತೇವ. ಕ್ಯಾಸೆಟ್ಟಿನ ತುದಿಯಲ್ಲಿರುವ ಲೋಹದ ಹಲ್ಲುಗಳಿಗೆ ಕಿಲುಬು ಹತ್ತದೆ ಇರದು. ಫ್ಯಾಮಿಕಾಮ್ ಜಾತಿಯ ಕ್ಯಾಸೆಟ್ಟಿಗೆ ಇಂಥ ಹಲ್ಲುಗಳು 60. ಅವುಗಳಲ್ಲಿ ಒಂದು ಸರಿಯಾಗಿ ತಾಗದಿದ್ದರೂ ಪರದೆಯ ಮೇಲೆ ಚಿತ್ರದ ಬದಲು ಚಿಂದಿ ಕಾಣಬಹುದು. ಆಗ ಮಕ್ಕಳು ಮಾಡುತ್ತಿದ್ದ ಉಪಾಯವೆಂದರೆ ಕ್ಯಾಸೆಟ್ಟನ್ನು ಹೊರತೆಗೆದು ಬಾಯಿಂದ ಊದುವುದು. ಊದಿದ ಮೇಲೆ ಸರಿಯಾಗುತ್ತಿದ್ದುದು ಊದಿದ್ದರಿಂದಲ್ಲ, ತೆಗೆದು ಮತ್ತೆ ಸಿಕ್ಕಿಸಿದ್ದರಿಂದ. ಊದಿದ ಬಾಯಿಯ ತೇವವಾದರೋ ಕಿಲುಬನ್ನು ಹೆಚ್ಚಿಸುತ್ತದೆ.

ಅಟ್ಟದಲ್ಲಿ ಇಂಥ ವಸ್ತು ಇರುವವರು ಅನುಸರಿಸತಕ್ಕ ಕ್ರಮವು ಕಷ್ಟದ್ದೇನೂ ಅಲ್ಲ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಹಲ್ಲುಗಳನ್ನು ಮೆಲ್ಲಗೆ ಒರಸಿ, ಪೂರ್ತಿ ಆರಗೊಟ್ಟು ಆಮೇಲೆ ಯಂತ್ರಕ್ಕೆ ಹಾಕಬೇಕು. ಮರಳು ಕಾಗದ ಕೂಡದು. ಯಂತ್ರದೊಳಗೆ ಇರುವೆ ಗೂಡು ಕಟ್ಟಿದೆಯೇ ಎಂದು ನೋಡದೆ ವಿದ್ಯುತ್ತು ಕೊಡಬಾರದು. ಮೂಲದ ಅಡಾಪ್ಟರು ಕಳೆದುಹೋಗಿದ್ದರೆ ಮನೆಯಲ್ಲಿರುವ ಇನ್ನಾವುದನ್ನೋ ಸಿಕ್ಕಿಸುವುದು ಅಪಾಯ. ವೋಲ್ಟು ಎಷ್ಟು, ತುದಿಯ ನಡುವಿನದು ಧನವೋ ಋಣವೋ ಎಂಬುದನ್ನು ಪೆಟ್ಟಿಗೆಯ ಅಡಿಯ ಚೀಟಿಯಲ್ಲಿ ಓದಿ ಹೊಂದಿಸಬೇಕು. ಆಟದ ಮಧ್ಯೆ ನಿಲ್ಲಿಸಿ ಮುಂದುವರಿಸಬಹುದಾದ ಕೆಲವು ಕ್ಯಾಸೆಟ್ಟುಗಳಲ್ಲಿ ನಾಣ್ಯದಂಥ ಬ್ಯಾಟರಿಯಿರುತ್ತದೆ. ಅದು ಸತ್ತರೆ ಉಳಿಸಿಟ್ಟ ಆಟವು ಅಳಿಯುತ್ತದೆಯೇ ಹೊರತು ಮೂಲದ ಆಟಕ್ಕೆ ಕೇಡಿಲ್ಲ. ಬೆಸುಗೆ ಬಲ್ಲವರಿಂದ ಬದಲಿಸಬಹುದು. ಕೊನೆಯದಾಗಿ, ಮಳೆಗಾಲಕ್ಕೆಂದು ಹಲಸಿನ ಹಪ್ಪಳವನ್ನು ಗಾಳಿಯಾಡದ ಡಬ್ಬಿಯಲ್ಲಿ ಇಡುವ ಜಾಣ್ಮೆಯು ನಮ್ಮ ಗೃಹಿಣಿಯರಿಗೆ ಯಾರೂ ಕಲಿಸಬೇಕಾದದ್ದಲ್ಲ. ಕ್ಯಾಸೆಟ್ಟನ್ನೂ ಹಾಗೆಯೇ ಇಡಬೇಕು, ತೇವ ಹೀರುವ ಸಿಲಿಕಾ ಹರಳಿನ ಪೊಟ್ಟಣವೊಂದನ್ನು ಜತೆಗೆ ಹಾಕಬೇಕು.

ಹಳೆಯ ದಪ್ಪ ಟಿ.ವಿ.ಯನ್ನೂ ಆತುರದಿಂದ ಗುಜರಿಗೆ ಕೊಡಬಾರದು. ಹಾರುವ ಬಾತುಕೋಳಿಗೆ ಗುರಿಯಿಟ್ಟು ಹೊಡೆಯುವ ಆಟದ ಬಂದೂಕು ಅಂಥ ಟಿ.ವಿ.ಯ ಮುಂದೆ ಮಾತ್ರ ಕೆಲಸಮಾಡುತ್ತದೆ. ಕುದುರೆಯನ್ನು ಎಳೆದ ಕ್ಷಣದಲ್ಲಿ ಪರದೆ ಕಪ್ಪಾಗಿ, ಗುರಿಯಿದ್ದ ಸ್ಥಳವು ಮಾತ್ರ ಬೆಳ್ಳಗೆ ಮಿಂಚುತ್ತದೆ. ಬಂದೂಕಿನ ಮೂತಿಯಲ್ಲಿರುವ ಬೆಳಕಿನ ಕಣ್ಣು ಆ ಮಿಂಚನ್ನು ಕಂಡರೆ ಪೆಟ್ಟು ತಗುಲಿತೆಂದು ಲೆಕ್ಕ. ಇಂದಿನ ತೆಳು ಪರದೆಗಳಲ್ಲಿ ಚಿತ್ರವು ಮೂಡುವುದು ತುಸು ತಡವಾದ್ದರಿಂದ ಕಣ್ಣಿಗೆ ಏನೂ ಕಾಣದು. ಅಂಥ ಟಿ.ವಿ.ಗಳ ತಯಾರಿಕೆ ನಿಂತು ವರ್ಷಗಳಾದುವು. ಅವನ್ನು ಬಿಚ್ಚಿ ದುರಸ್ತಿ ಮಾಡಬಲ್ಲ ಕೈಗಳೂ ನಮ್ಮ ಪೇಟೆಗಳಲ್ಲಿ ಮುಪ್ಪಾಗುತ್ತಿವೆ.

ಸಂಗ್ರಹವೆಂದರೇನು?

ಸಂಗ್ರಹದಲ್ಲಿ ಎರಡು ಬಗೆ. 2021ರ ಆಗಸ್ಟಿನಲ್ಲಿ ಅಮೆರಿಕದಲ್ಲಿ ಸೂಪರ್ ಮಾರಿಯೋ ಬ್ರದರ್ಸ್ ಆಟದ ಒಂದು ಪ್ರತಿಯು 20 ಲಕ್ಷ ಡಾಲರುಗಳಿಗೆ ಮಾರಾಟವಾಯಿತು. ಅದರ ಹೆಚ್ಚಳವೆಂದರೆ ಅದನ್ನು ಯಾರೂ ತೆರೆಯದೆ, ಯಾರೂ ಆಡದೆ, ಅಂಗಡಿಯ ಮೊಹರಿನಲ್ಲಿಯೇ ಇಟ್ಟಿದ್ದುದು. ಆಡಲೆಂದು ಮಾಡಿದ ವಸ್ತುವಿಗೆ ಆಡದಿರುವುದೇ ಬೆಲೆಯಾಯಿತು. ಇಂಥ ವ್ಯಾಪಾರವು ನಮಗೆ ಬೇಡ. ಅದರ ವಾರ್ತೆ ಕೇಳಿ ತಮ್ಮ ಅಟ್ಟದಲ್ಲಿಯೂ ನಿಧಿಯಿದೆಯೆಂದು ಯಾರೂ ಕನಸು ಕಾಣಬೇಕಾದ್ದಿಲ್ಲ. ಟರ್ಮಿನೇಟರ್ ಪೆಟ್ಟಿಗೆಗೆ ಲಕ್ಷಗಳನ್ನು ಕೊಡುವವರು ಬರುವುದಿಲ್ಲ. ಎರಡನೆಯ ಬಗೆಯ ಸಂಗ್ರಹವೆಂದರೆ, ಕೆಟ್ಟುದನ್ನು ಸರಿಪಡಿಸಿ, ಏನು, ಎಲ್ಲಿಂದ, ಯಾವಾಗ ಬಂತೆಂದು ಬರೆದಿಟ್ಟು, ಮಕ್ಕಳ ಕೈಗೆ ಕೊಟ್ಟು ಆಡಿಸುವುದು. ವೀಣೆಯನ್ನು ನುಡಿಸದೆ ಗೋಡೆಗೆ ನೇತುಹಾಕಿದರೆ ಅದು ಮರದ ತುಂಡು. ಈ ಪೆಟ್ಟಿಗೆಯೂ ಅಷ್ಟೆ.

ಆಕ್ಷೇಪಣೆಗಳು

ಪರದೇಶದ ಸರಕಿನ ನಕಲನ್ನು ಕಾಯ್ದಿಡುವುದರಿಂದ ದೇಶಕ್ಕೇನು ಲಾಭವೆಂದು ಕೆಲವರು ಕೇಳಬಹುದು. ನಕಲಿನ ವ್ಯಾಪಾರವನ್ನು ನಾವು ಸಮರ್ಥಿಸುವುದಿಲ್ಲ. ಕೃತಿಕಾರನ ಹಕ್ಕು ಕೃತಿಕಾರನದೇ. ಆದರೆ ನಡೆದುದನ್ನು ನಡೆದಂತೆ ತಿಳಿಯುವುದು ಚರಿತ್ರೆ. ಸುಂಕದ ಗೋಡೆ ಎತ್ತರವಾದಾಗ ನಕಲು ಹೇಗೆ ಹಬ್ಬಿತು, ಅಸಲಿನ ಬೆಲೆ ಜನರ ಕೈಗೆಟುಕದಾಗ ಅವರು ಏನನ್ನು ಆಯ್ದುಕೊಂಡರು ಎಂಬುದು ಅರ್ಥಶಾಸ್ತ್ರದ ಜೀವಂತ ಪಾಠ. ಮೇಲಾಗಿ, ಈ ಯಂತ್ರವು ಬಿಚ್ಚಿ ನೋಡಿ ತಿಳಿಯಬಹುದಾದಷ್ಟು ಸರಳವಾದುದು. ಜಪಾನಿನ ಟಿ.ವಿ.ಯಲ್ಲಿ ಸೆಕೆಂಡಿಗೆ 60 ಸಲ ಚಿತ್ರ ಮೂಡಿದರೆ ನಮ್ಮ ಟಿ.ವಿ.ಯಲ್ಲಿ 50 ಸಲ. ಆದ್ದರಿಂದ ತಿದ್ದದೆ ತಂದ ಆಟವು ಆರರಲ್ಲಿ ಒಂದು ಪಾಲು ನಿಧಾನವಾಗುವುದು. ಇಂಥ ವಿಷಯವನ್ನು ಪಠ್ಯಪುಸ್ತಕದಲ್ಲಿ ಓದುವುದಕ್ಕಿಂತ ಕಣ್ಣಾರೆ ಕಂಡು ಅರಿಯುವ ವಿದ್ಯಾರ್ಥಿಯು ನಾಳೆ ಇನ್ನೊಬ್ಬರ ನಕಲನ್ನು ಕೊಳ್ಳುವವನಾಗದೆ ಸ್ವಂತವಾಗಿ ಮಾಡಬಲ್ಲವನಾದಾನು. ಸ್ವದೇಶೀ ಎಂಬುದರ ಅರ್ಥವೂ ಅದೇ.

ಆಟದಿಂದ ಮಕ್ಕಳ ಓದು ಕೆಡುವುದೆಂಬುದು ಇನ್ನೊಂದು ಮಾತು. ಮಿತಿಮೀರಿದರೆ ಕೆಡುವುದು ನಿಶ್ಚಯ. ಆದರೆ ಇಂದು ಮಗುವಿನ ಕೈಯಲ್ಲಿರುವುದು ಯಾವ ಆಟ? ಫೋನಿನೊಳಗಿನ ಆಟಕ್ಕೆ ಮುಗಿತಾಯವಿಲ್ಲ. ಅನೇಕವು ಹೆಜ್ಜೆಹೆಜ್ಜೆಗೆ ಹಣ ಕೇಳುತ್ತವೆ. ಪಣದ ಆಟಗಳ ಹಾವಳಿ ಎಷ್ಟಾಯಿತೆಂದರೆ, ಅವನ್ನು ನಿಷೇಧಿಸಲು 2025ರ ಆಗಸ್ಟಿನಲ್ಲಿ ಸಂಸತ್ತು ಒಂದು ಅಧಿನಿಯಮವನ್ನೇ ಮಾಡಬೇಕಾಯಿತು. ಹಣ ಕೊಟ್ಟು ಕೊಂಡ ಆಟವೂ ಕೊಂಡವನದಲ್ಲ: ದ ಕ್ರ್ಯೂ ಎಂಬ ಆಟದ ಸರ್ವರುಗಳನ್ನು ಕಂಪೆನಿಯು 2024ರಲ್ಲಿ ನಿಲ್ಲಿಸಿದಾಗ, ಬೆಲೆ ತೆತ್ತವರ ಕೈಯಲ್ಲಿ ಉಳಿದುದು ಶೂನ್ಯ. ಕ್ಯಾಸೆಟ್ಟಾದರೋ ಒಮ್ಮೆ ಕೊಂಡರೆ ಮುಗಿಯಿತು. ಅದು ಮತ್ತೆ ಹಣ ಕೇಳದು, ಆಡುವವನ ಹೆಸರು ಕೇಳದು, ಅಣ್ಣನಿಂದ ತಮ್ಮನಿಗೆ, ನೆರೆಮನೆಯಿಂದ ನಮ್ಮ ಮನೆಗೆ ಸಾಗಿ ಬಂದರೆ ಯಾರ ಅಪ್ಪಣೆಯೂ ಬೇಡ. ಒಡೆತನವೆಂದರೇನೆಂಬುದನ್ನು ಈಗಿನ ಮಕ್ಕಳಿಗೆ ತೋರಿಸಲು ಇದಕ್ಕಿಂತ ಸುಲಭದ ಸಾಧನ ಬೇರೊಂದಿಲ್ಲ.

ಕಾನೂನು ಮತ್ತು ಕರ್ತವ್ಯ

ಅಧಿಕಾರಿವರ್ಗದವರ ಗಮನಕ್ಕೆ ಒಂದು ವಿಷಯವನ್ನು ತರಬಯಸುತ್ತೇವೆ. 1957ರ ಕೃತಿಸ್ವಾಮ್ಯ ಅಧಿನಿಯಮವು ಕಂಪ್ಯೂಟರಿನ ಕ್ರಮವಿಧಿಯನ್ನು ಸಾಹಿತ್ಯಕೃತಿಯೆಂದೇ ಪರಿಗಣಿಸುತ್ತದೆ. ಅದರ 52ನೆಯ ಪ್ರಕರಣದಂತೆ, ನ್ಯಾಯವಾಗಿ ಪ್ರತಿಯನ್ನು ಹೊಂದಿದವನು ನಷ್ಟ ನಾಶಗಳಿಂದ ತಾತ್ಕಾಲಿಕ ರಕ್ಷಣೆಗಾಗಿ ಇನ್ನೊಂದು ಪ್ರತಿ ಮಾಡಿಟ್ಟುಕೊಂಡರೆ ಅಪರಾಧವಲ್ಲ. 2012ರ ತಿದ್ದುಪಡಿಯು, ಲಾಭಕ್ಕಾಗಿ ನಡೆಯದ ಸಾರ್ವಜನಿಕ ಗ್ರಂಥಾಲಯಗಳು ಕೃತಿಗಳನ್ನು ಸಂರಕ್ಷಣೆಗಾಗಿ ವಿದ್ಯುನ್ಮಾನ ರೂಪದಲ್ಲಿ ಶೇಖರಿಸಲು ಅವಕಾಶ ಕೊಟ್ಟಿದೆ. ಆದರೆ ಡಿಜಿಟಲ್ ಅಲ್ಲದ ಪ್ರತಿಯು ಗ್ರಂಥಾಲಯದಲ್ಲಿ ಮೊದಲೇ ಇರಬೇಕೆಂದು ಅಲ್ಲಿ ಷರತ್ತಿದೆ. ಕಾಗದದ ಪುಸ್ತಕಕ್ಕೆ ಒದಗುವ ಈ ಅವಕಾಶವು ಚಿಪ್ಪಿನಲ್ಲಿಯೇ ಹುಟ್ಟಿದ ಕೃತಿಗೆ ಒದಗುವಂತೆ ಕಾಣುವುದಿಲ್ಲ. ಗೆದ್ದಲಿನಿಂದ ಕಾಪಾಡಲು ಸಮ್ಮತಿಸುವ ಕಾನೂನು ಕಿಲುಬಿನಿಂದ ಕಾಪಾಡಲು ಏಕೆ ಹಿಂಜರಿಯಬೇಕು? ಮುಂದಿನ ತಿದ್ದುಪಡಿಯಲ್ಲಿ ಈ ಕೊರತೆಯು ತುಂಬಬೇಕೆಂದು ನಮ್ಮ ಪ್ರತಿನಿಧಿಗಳು ಸದನದಲ್ಲಿ ಎತ್ತಿ ಹೇಳಲಿ. ಅಷ್ಟರವರೆಗೆ ವಸ್ತುವನ್ನೇ ಜೋಪಾನ ಮಾಡುವುದಕ್ಕೆ ಯಾವ ಕಾನೂನಿನ ಅಡ್ಡಿಯೂ ಇಲ್ಲ.

ಎಲ್ಲಿ ಇಡಬೇಕೆಂಬುದಕ್ಕೆ ನಮ್ಮ ಉತ್ತರ ಸಿದ್ಧವಾಗಿದೆ. ಪುತ್ತೂರಿನ ಪರ್ಲಡ್ಕದಲ್ಲಿ ಬಾಲವನವಿದೆ. ಮಕ್ಕಳು ಆಡುತ್ತ ಕಲಿಯಬೇಕೆಂದು ಶಿವರಾಮ ಕಾರಂತರು ತಮ್ಮ ಶಿಕ್ಷಣ ಪ್ರಯೋಗಗಳನ್ನು ನಡೆಸಿದ ನೆಲ ಅದು. ಪ್ರಪಂಚದ ಜ್ಞಾನವನ್ನು ಕನ್ನಡದ ಮಕ್ಕಳಿಗೆ ಮೂರು ಸಂಪುಟಗಳಲ್ಲಿ ಒದಗಿಸಿದ ಬಾಲಪ್ರಪಂಚದ ಕರ್ತೃವಿನ ನೆಲ. ಅಲ್ಲಿ ಒಂದು ಕೊಠಡಿ, ಎರಡು ಹಳೆಯ ಟಿ.ವಿ., ನಾಲ್ಕು ಚೆನ್ನೆಮಣೆ, ಸರಿಪಡಿಸಿದ ಹತ್ತು ಯಂತ್ರಗಳು, ಒಂದು ದಾಖಲೆ ಪುಸ್ತಕ: ಇಷ್ಟಾದರೆ ಸಾಕು. ದುರಸ್ತಿಯ ಕೆಲಸವನ್ನು ಪುತ್ತೂರಿನ ವಿವೇಕಾನಂದ, ಸುಳ್ಯದ ಕೆ.ವಿ.ಜಿ. ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ಅಭ್ಯಾಸದ ಭಾಗವಾಗಿ ವಹಿಸಿಕೊಳ್ಳಬಹುದು. ಕಡಬದಂಥ ಹೊಸ ತಾಲೂಕಿನಲ್ಲಿ ಗ್ರಾಮ ಪಂಚಾಯತಿಗಳ ಅರಿವು ಕೇಂದ್ರಗಳು ಮನೆಮನೆಯಿಂದ ವಸ್ತುಗಳನ್ನೂ ಅವುಗಳ ವೃತ್ತಾಂತವನ್ನೂ ಸ್ವೀಕರಿಸುವ ಠಾಣೆಗಳಾಗಲಿ. ಬರ್ಲಿನ್ ನಗರದಲ್ಲಿ ಕಂಪ್ಯೂಟರ್ ಆಟಗಳ ವಸ್ತುಸಂಗ್ರಹಾಲಯವು 1997ರಲ್ಲಿಯೇ ತೆರೆಯಿತು. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವು 2012ರಲ್ಲಿ 14 ಆಟಗಳನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ನಾವು ಅಷ್ಟು ದೊಡ್ಡದನ್ನು ಕೇಳುತ್ತಿಲ್ಲ. ಒಂದು ಕೊಠಡಿಯನ್ನು ಕೇಳುತ್ತಿದ್ದೇವೆ.

ಸರಿಪಡಿಸಲು ಬಾರದಷ್ಟು ಕೆಟ್ಟುದನ್ನು ಏನು ಮಾಡಬೇಕೆಂದು ಕೇಳುವವರಿಗೂ ಉತ್ತರವಿದೆ. ಒಳಗಿನ ಬಿಡಿಭಾಗಗಳು ಇನ್ನೊಂದನ್ನು ಬದುಕಿಸಲು ಒದಗುತ್ತವೆ. ಅದೂ ಆಗದ್ದನ್ನು, 2023ರ ಏಪ್ರಿಲಿನಿಂದ ಜಾರಿಯಲ್ಲಿರುವ ವಿದ್ಯುನ್ಮಾನ ತ್ಯಾಜ್ಯದ ನಿಯಮಗಳಂತೆ ನೋಂದಾಯಿತ ಸಂಸ್ಥೆಗಳಿಗೆ ಒಪ್ಪಿಸಬೇಕೇ ಹೊರತು, ತಾಮ್ರದ ಆಸೆಗೆ ಹಿತ್ತಲಲ್ಲಿ ಸುಟ್ಟು ಕುಮಾರಧಾರೆಗೂ ಪಯಸ್ವಿನಿಗೂ ವಿಷ ಬೆರಸಕೂಡದು.

ಅಟ್ಟದಿಂದ ಇಳಿದ ಪೆಟ್ಟಿಗೆಯು ತಕ್ಕಡಿಯಲ್ಲಿ ತೂಗುವುದು ಅರ್ಧ ಕಿಲೋ ಪ್ಲಾಸ್ಟಿಕ್ಕು. ಅದಕ್ಕೆ ಬರುವುದು ನಾಲ್ಕು ಕಾಸು. ಅದನ್ನು ತಂದವರು ಇನ್ನೂ ನಮ್ಮ ನಡುವೆ ಇದ್ದಾರೆ. ಆಡಿದವರು ಇಂದು ಕಚೇರಿಗಳಲ್ಲಿ, ಅಂಗಡಿಗಳಲ್ಲಿ, ಶಾಲೆಗಳಲ್ಲಿ ದುಡಿಯುತ್ತಿದ್ದಾರೆ. ಯಾವ ಕ್ಯಾಸೆಟ್ಟು ಎಲ್ಲಿಂದ ಬಂತು, ಎಷ್ಟು ಕೊಟ್ಟು ಕೊಂಡರು, ಯಾರೊಡನೆ ಆಡಿದರು ಎಂಬುದನ್ನು ಅವರಲ್ಲದೆ ಇನ್ನಾರೂ ಹೇಳಲಾರರು. ಈ ಮಳೆಗಾಲಕ್ಕೆ ಮುನ್ನ ನಮ್ಮ ವಾಚಕರು ತಮ್ಮ ತಮ್ಮ ಅಟ್ಟವನ್ನೊಮ್ಮೆ ಶೋಧಿಸಲಿ. ಸಿಕ್ಕಿದ್ದನ್ನು ಒರಸಿ, ಒಂದು ಚೀಟಿ ಬರೆದು ಅಂಟಿಸಿ, ಒಣಡಬ್ಬಿಯಲ್ಲಿಡಲಿ. ಬಾಲವನದ ಆಡಳಿತವನ್ನು ನೋಡಿಕೊಳ್ಳುವ ಅಧಿಕಾರಿಗಳು ಆ ಡಬ್ಬಿಗಳಿಗೆ ಒಂದು ಬಾಗಿಲು ತೆರೆಯಲಿ. ಇವೆರಡೂ ಈ ವರ್ಷವೇ ಆಗಬೇಕು. ಏಕೆಂದರೆ ಇನ್ನೊಂದು ಮಳೆಗಾಲವನ್ನು ತಾಳಿಕೊಳ್ಳುವ ಶಕ್ತಿ ಆ ಲೋಹದ ಹಲ್ಲುಗಳಿಗೆ ಇರುವುದೆಂಬ ಭರವಸೆಯನ್ನು ಯಾರೂ ಕೊಡಲಾರರು.